ನೆಟ್ಟಗೆ ಕೂತ ಕೂಸು

ಮೊನ್ನೆ ಪೊಳ್ಳಾಚಿ ಬಸ್‌ಸ್ಟ್ಯಾಂಡಿನ ನಲ್ಲಿಯಲ್ಲಿ ಯಾರೋ ಕೆಂಪು ಕಾರ್ಬಾಲಿಕ್ ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನರ್ಸಮ್ಮನ ಕೈ ನೆನಪಾಗಿ ನಿಂತಲ್ಲೇ ನಿಂತುಬಿಟ್ಟೆ...

ಎಂಬತ್ತರ ದಶಕದ ಮಾತು. ಪೊಳ್ಳಾಚಿ ಹತ್ತಿರದ ನೆಗಮದಲ್ಲಿ, ಮನೆಯೊಳಗೆ ಕನ್ನಡವನ್ನೇ ಆಡುವ ನಮ್ಮ ನೇಕಾರರ ಬೀದಿಗೆ ವಾರಕ್ಕೊಮ್ಮೆ ಬಸುರಿಯರನ್ನು ನೋಡಲು ಬರುತ್ತಿದ್ದ ಸರ್ಕಾರಿ ನರ್ಸು ಅವರು. ತಮಿಳಿನವರು. ಹೊಟ್ಟೆ ಮುಟ್ಟುವ ಮೊದಲು ಎರಡು ಅಂಗೈಯನ್ನೂ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ತಣ್ಣನೆ ಕೈ ಇಟ್ಟರೆ ಒಳಗಿರುವುದು ಬೆಚ್ಚಿಬೀಳುತ್ತದಂತೆ.

ಆಗ ನನ್ನ ಅತ್ತಿಗೆ ಚೊಚ್ಚಲ ಬಸುರಿ. ಚಾಮರಾಜನಗರದ ಕಡೆಯವರು, ತಾಯಿ ಇಲ್ಲದವರು, ಅದಕ್ಕೇ ಹೆರಿಗೆ ನಮ್ಮಲ್ಲೇ ಎಂದು ಆಗಿತ್ತು. ಅವರಿಗೆ ತಮಿಳು ಬಾರದು. ಹದಿನೆಂಟರ ನಾನು ತಮಿಳು ಶಾಲೆಯಲ್ಲಿ ಹತ್ತನೆಯವರೆಗೆ ಓದಿದ್ದ ಜಂಬದವಳು. ನರ್ಸಮ್ಮ ಹೇಳಿದ್ದನ್ನು ಅತ್ತಿಗೆಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನದು.

ಎಂಟು ತುಂಬಿದ ಮೇಲೆ ಒಂದು ಬೆಳಿಗ್ಗೆ ನರ್ಸಮ್ಮ ಬಂದಾಗ ಬೀದಿಯುದ್ದಕ್ಕೂ ನಮ್ಮ ಮಗ್ಗದ ಹಾಸುನೂಲು ಎಳೆದು ಕಟ್ಟಿ ಗಂಜಿ ಹಾಕುತ್ತಿದ್ದರು. ಅದು ಒಣಗುವವರೆಗೆ ಅಮ್ಮನಾಗಲಿ ಅಣ್ಣನಾಗಲಿ ಅಲ್ಲಿಂದ ಕದಲುವ ಹಾಗಿಲ್ಲ. ಒಳಗೆ ನಾವು ಮೂವರೇ. ನರ್ಸಮ್ಮ ಅತ್ತಿಗೆಯ ಹೊಟ್ಟೆಯ ಮೇಲೂ ಕೆಳಗೂ ಒತ್ತಿ ನೋಡಿದರು, ಮರದ ಕೊಳವೆಯನ್ನು ಹೊಕ್ಕುಳಿಗಿಂತ ಮೇಲಕ್ಕಿಟ್ಟು ಕಿವಿ ಹಚ್ಚಿದರು, ಇನ್ನೊಮ್ಮೆ ಒತ್ತಿದರು. ಆಮೇಲೆ ನನ್ನ ಕೈ ಹಿಡಿದು ಅತ್ತಿಗೆಯ ಪಕ್ಕೆಲುಬಿನ ಕೆಳಗೆ ಇಟ್ಟರು. ಗುಂಡಗೆ, ಗಟ್ಟಿಯಾಗಿ ಏನೋ ಸಿಕ್ಕಿತು. ಮೆಲ್ಲಗೆ ತಳ್ಳಿದರೆ ಅಲುಗಿ ಮತ್ತೆ ಕೈಗೆ ಬಂತು. ಅದೇ ತಲೆ ಎಂದರು. ನನಗೋ ಮೈಯೆಲ್ಲ ಜುಮ್ಮೆಂದಿತು.

“ನೇರಾ ಉಕ್ಕಾಂದಿರುಕ್ಕುದು, ಕಣ್ಣು,” ಎಂದರು. ನೆಟ್ಟಗೆ ಕೂತಿದೆ, ಚಿನ್ನಾ ಅಂತ. ಅತ್ತಿಗೆ ಹೆದರಬಾರದೆಂದು ದನಿ ಏರಿಸದೆ, ನಗುನಗುತ್ತಲೇ ಹೇಳಿದರು. ಒಂದು ಚೀಟಿ ಬರೆದುಕೊಟ್ಟು, ಈ ವಾರದೊಳಗೆ ಪೊಳ್ಳಾಚಿಯ ದೊಡ್ಡಾಸ್ಪತ್ರೆಗೆ ತೋರಿಸಿ, ಹೆರಿಗೆಯೂ ಅಲ್ಲೇ ಆಗಲಿ, ಅಮ್ಮನಿಗೆ ಹೇಳು ಎಂದರು.

ಕೂಸು ತಲೆ ಕೆಳಗಾಗಿ ಇರಬೇಕು ಎನ್ನುವುದು ಆ ವಯಸ್ಸಿನಲ್ಲಿ ನನಗೇನು ಗೊತ್ತು? ನಮ್ಮ ಮನೆಯ ಮಾತಿನಲ್ಲಿ ನೆಟ್ಟಗಿದೆ ಅಂದರೆ ಸರಿಯಾಗಿದೆ ಅಂತಲೇ. ಕುಣಿಯುತ್ತಾ ಬೀದಿಗೆ ಓಡಿ ಹೇಳಿದೆ, “ಅಮ್ಮಾ, ಕೂಸು ನೆಟ್ಟಗದೆಯಂತೆ!” ಕೂತಿದೆ ಎನ್ನುವ ಮಾತನ್ನೇ ನುಂಗಿಬಿಟ್ಟಿದ್ದೆ. ನೂಲು ನೇವರಿಸುತ್ತಿದ್ದ ಅಮ್ಮನ ಮುಖ ಅರಳಿತು. ಚೀಟಿ ತೋರಿಸಿದಾಗ, ನೆಟ್ಟಗಿರೋ ಕೂಸಿಗೆ ದೊಡ್ಡಾಸ್ಪತ್ರೆ ಯಾಕೆ, ದೀಪಾವಳಿ ಸೀರೆ ಮಗ್ಗದಲ್ಲಿದೆ, ಆಮೇಲೆ ನೋಡಿಕೊಳ್ಳೋಣ ಎಂದಳು. ಮರುವಾರ ನರ್ಸಮ್ಮ ಬಂದಾಗ ನಾವು ನೆಂಟರ ಮದುವೆಗೆ ಹೋಗಿದ್ದೆವು.

ಮೂರನೇ ವಾರ, ಮಟಮಟ ಮಧ್ಯಾಹ್ನ ನೋವು ಬಂತು. ಬೀದಿಯ ಸೂಲಗಿತ್ತಿ ಅಜ್ಜಿ ಮೊದಲು ಕಂಡದ್ದು ಕೂಸಿನ ಕುಂಡಿ. ಅಣ್ಣ ಸೈಕಲ್ ಹತ್ತಿ ಓಡಿ ನರ್ಸಮ್ಮನನ್ನು ಕರೆತರುವಷ್ಟರಲ್ಲಿ ಮೈ ಹೊರಗೆ, ತಲೆ ಒಳಗೆ... ಅವರು ಬಂದು ಹೇಗೋ ತಲೆ ಬಿಡಿಸಿದರು. ಅತ್ತಿಗೆ ಉಳಿದರು. ಕೂಸು ಅಳಲಿಲ್ಲ. ಗಂಡು.

ಆಸ್ಪತ್ರೆಗೆ ಯಾಕೆ ಹೋಗಲಿಲ್ಲವೆಂದು ನರ್ಸಮ್ಮ ಕೇಳಿದಾಗ ಅಮ್ಮ ಅವರ ಮೇಲೆಯೇ ಹರಿಹಾಯ್ದಳು. ಎಲ್ಲ ಸರಿಯಾಗಿದೆ ಎಂದು ಹೇಳಿಕಳಿಸಿದವರು ನೀವೇ ಅಲ್ಲವಾ ಎಂದಳು. ನರ್ಸಮ್ಮ ತಿರುಗಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅವರಿಗೆ ಅರ್ಥವಾಯಿತು, ಅದರಲ್ಲಿ ಅನುಮಾನವಿಲ್ಲ. ಆದರೂ ಒಂದು ಮಾತೂ ಆಡದೆ ಕೈ ತೊಳೆದುಕೊಂಡು ಹೋದರು. ಮದುವೆಯಾಗಬೇಕಾದ ಹುಡುಗಿ, ಅಣ್ಣನ ಕೂಸನ್ನು ತಿಂದವಳು ಅನ್ನಿಸಿಕೊಳ್ಳಬಾರದು ಎಂದಿರಬೇಕು.

ಬೀದಿಯಲ್ಲಿ ಒಬ್ಬೊಬ್ಬರೇ ಅವರಿಗೆ ಹೊಟ್ಟೆ ತೋರಿಸುವುದನ್ನು ಬಿಟ್ಟರು. ಬಂದರೆ ಬಾಗಿಲು ಮುಂದಕ್ಕೆ ಎಳೆದುಕೊಳ್ಳುವರು. ಒಮ್ಮೆ ಬಾವಿಯ ಹತ್ತಿರ ಒಬ್ಬಳೇ ಸಿಕ್ಕಾಗ ಅವರು ನನಗೆ ಹೇಳಿದ್ದು ಇಷ್ಟೇ, ತಪ್ಪು ತನ್ನದೂ ಇದೆ, ತಲೆ ಮೇಲೆ ಇದೆ ಎಂದೇ ಹೇಳಬೇಕಿತ್ತು. ನಿಜ, ತಲೆ, ಮೇಲೆ ಎನ್ನುವ ಆ ಎರಡು ಮಾತು ತಮಿಳಿನಲ್ಲೂ ಕನ್ನಡದಲ್ಲೂ ಒಂದೇ. ಆದರೆ ಬಾಯಿ ಮುಚ್ಚಿಕೊಂಡವಳು ನಾನಲ್ಲವೇ? ಆ ವರ್ಷವೇ ಅವರು ಉಡುಮಲೈ ಕಡೆಗೆ ವರ್ಗ ಮಾಡಿಸಿಕೊಂಡು ಹೋದರು.

ಅತ್ತಿಗೆಗೆ ಆಮೇಲೆ ಇಬ್ಬರು ಹೆಣ್ಣುಮಕ್ಕಳಾದರು. ಆದರೂ ಪ್ರತಿ ದೀಪಾವಳಿಗೆ ಎಣ್ಣೆ ನೀರು ಆದ ಮೇಲೆ ಕೂತು ನರ್ಸಮ್ಮನಿಗೆ ಹಿಡಿ ಹಿಡಿ ಶಾಪ ಹಾಕುವರು. ನಾನು ಪಕ್ಕದಲ್ಲೇ ಕೂತು ಕೇಳುವೆ. ಎಂಥ ಹೇಡಿ ನಾನು.

ಮೊನ್ನೆ ಆ ಸೋಪಿನ ವಾಸನೆ ತಡೆಯಲಾರದೆ ಪೊಳ್ಳಾಚಿಯಿಂದಲೇ ಉಡುಮಲೈ ಬಸ್ಸು ಹತ್ತಿದೆ. ವಿಚಾರಿಸಿ ವಿಚಾರಿಸಿ ಮನೆ ಹುಡುಕಿದರೆ, ನರ್ಸಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ತಂಗಿ ಕೊಟ್ಟ ನೀರು ಕುಡಿದು ವಾಪಸ್ಸು ಬಂದು, ನೇರ ಅತ್ತಿಗೆಯ ಮನೆಗೆ ಹೋಗಿ, ನಿಂತುಕೊಂಡೇ ಎಲ್ಲ ಹೇಳಿಬಿಟ್ಟೆ.

ಅತ್ತಿಗೆ, “ಇಷ್ಟು ವರ್ಷ ಆ ತಾಯಿನ ಬೈದುಕೊಂಡು ಬಂದೆನಲ್ಲೇ... ಒಂದು ಸಲವಾದ್ರೂ, ಸಾಕು ನಿಲ್ಸಿ ಅನ್ನಕ್ಕೆ ನಿಂಗೆ ಬಾಯಿ ಬರ್ಲಿಲ್ವಾ?” ಎಂದರು.

ಬರಲಿಲ್ಲ. ಅದನ್ನೇ ಹೇಳಿದೆ. ಅತ್ತಿಗೆ ಎದ್ದು ಒಳಗೆ ಹೋದರು. ನಾನು ಅಲ್ಲೇ ನಿಂತಿದ್ದೆ, ಅವರು ಮತ್ತೆ ಹೊರಗೆ ಬರಲಿಲ್ಲ.