ಮೀಸೆ ತಾತನ ಎಡಪುಟ

ಆ ವರ್ಷಗಳಲ್ಲಿ ಸ್ವೀಡನ್ನಿನ ವೆಸ್ಟೆರಾಸ್‌ನಲ್ಲಿ ಪಿಯಾನೊ ಪುಕ್ಕಟೆ ಸಿಗುತ್ತಿತ್ತು. ಮನೆ ಬದಲಿಸುವವರು, ಅಜ್ಜಿ ತೀರಿಕೊಂಡ ಮನೆಯವರು, 'ಬಂದು ಹೊತ್ತುಕೊಂಡು ಹೋದರೆ ನಿಮ್ಮದೇ' ಎಂದು ಅಂಗಡಿಯ ಬೋರ್ಡಿನಲ್ಲಿ ಚೀಟಿ ಅಂಟಿಸುತ್ತಿದ್ದರು. ಮೊಬೈಲಿಗೆ ಇನ್ನೂ ಗುಂಡಿಗಳಿದ್ದ ಕಾಲ. ಬೆಂಗಳೂರಿಗೆ ಫೋನ್ ಮಾಡಬೇಕೆಂದರೆ ಅಪ್ಪ ಕಾರ್ಡ್ ಕೆರೆದು ಉದ್ದದ ನಂಬರ್ ಒತ್ತುತ್ತಿದ್ದ ಕಾಲ. ನಿಮ್ಮಲ್ಲಿ ಯಾರಾದರೂ ಆಗ ಈ ದೇಶದಲ್ಲಿ ಚಿಕ್ಕವರಾಗಿದ್ದರೆ, ಒದ್ದೆ ಉಣ್ಣೆಯ ಕೈಗವಸು ಹೀಟರಿನ ಮೇಲೆ ಒಣಗುವ ವಾಸನೆ ನೆನಪಿರುತ್ತದೆ. ನಮ್ಮ ಮನೆಯಲ್ಲಿ ಅದರ ಜೊತೆ ಸಾಸಿವೆ ಒಗ್ಗರಣೆಯ ವಾಸನೆಯೂ ಸೇರಿಕೊಂಡಿರುತ್ತಿತ್ತು.

ಅಪ್ಪ ವಿದ್ಯುತ್ ಯಂತ್ರಗಳ ಕಂಪನಿಯಲ್ಲಿ ಎಂಜಿನಿಯರ್. ಆಫೀಸಿನ ಮೂವರು ಕನ್ನಡದ ಗೆಳೆಯರನ್ನು ಕಟ್ಟಿಕೊಂಡು ಅಂಥದೊಂದು ಪಿಯಾನೊವನ್ನು ಎರಡನೆಯ ಮಹಡಿಗೆ ಹೊತ್ತು ತಂದರು. "ಲೋ, ಟ್ರಾನ್ಸ್‌ಫಾರ್ಮರೇ ಇದಕ್ಕಿಂತ ಹಗುರ ಕಣ್ರೋ!" ಎಂದು ಒಬ್ಬರು ಮೆಟ್ಟಿಲ ಮೇಲೆ ಕೂಗಿದ್ದಕ್ಕೆ ಎದುರು ಮನೆಯವರು ಬಾಗಿಲು ತೆರೆದು ನೋಡಿದ್ದರು. ಅಮ್ಮ ಎಲ್ಲರಿಗೂ ಬಿಸಿಬೇಳೆಭಾತ್ ಬಡಿಸಿದಳು. ನಾನು ಎರಡೂ ಕೈಯಿಂದ ಕೀಗಳನ್ನು ಕುಟ್ಟಿದೆ, ಅಪ್ಪ ಚಪ್ಪಾಳೆ ತಟ್ಟಿದರು. ಹೆತ್ತವರಿಗೆ ಹೆಗ್ಗಣ ಮುದ್ದು.

ಆ ಚಳಿಗಾಲ ನನಗೆ ಒಂಬತ್ತು. ಕೊಮ್ಯೂನ್, ಅಂದರೆ ಊರಿನ ಆಡಳಿತ, ನಡೆಸುವ ಸಂಗೀತಶಾಲೆಯಲ್ಲಿ ನನಗೆ ಕಲಿಸುತ್ತಿದ್ದವರು ಇಂಗ್ರಿಡ್. ನವೆಂಬರಿನಲ್ಲಿ ಅವರು ಒಂದು ಹಳೆಯ ಪುಸ್ತಕ ಕೊಟ್ಟರು. ರಟ್ಟಿನ ಮೇಲೆ ದಪ್ಪ ಮೀಸೆಯ ಇಂಗ್ಲಿಷ್ ಸಂಗೀತಗಾರನ ಚಿತ್ರ. ದೊಡ್ಡ ವಾದ್ಯವೃಂದಕ್ಕೆಂದು ಬರೆದ ಸಂಗೀತವನ್ನು ಆಮೇಲೆ ಆತನೇ, ಒಂದೇ ಪಿಯಾನೊ ಮುಂದೆ ಇಬ್ಬರು ಕೂತು ನುಡಿಸುವ ಹಾಗೆ ತಿದ್ದಿ ಬರೆದಿದ್ದನಂತೆ. ಆಗಿನ ಮನೆಗಳಲ್ಲಿ ರೇಡಿಯೊ ಇರಲಿಲ್ಲ, ಮನೆಯವರೇ ನುಡಿಸಿ ಕೇಳಿಕೊಳ್ಳಲಿ ಎಂದು. ಎಡಗಡೆ ಕೂತವರ ಪಾಠ ಎಡಪುಟದಲ್ಲಿ, ಬಲಗಡೆಯವರದು ಬಲಪುಟದಲ್ಲಿ.

"ಬಲಪುಟ ನಿನ್ನದು. ಎಡಪುಟಕ್ಕೆ ಮನೆಯಲ್ಲಿ ಯಾರಾದರೂ ಇದ್ದಾರಾ?" ಎಂದು ಇಂಗ್ರಿಡ್ ಸ್ವೀಡಿಷಿನಲ್ಲಿ ಕೇಳಿದರು.

"ಯಾರೂ ಇಲ್ಲ" ಎಂದೆ.

ನನ್ನ ಜಾಕೆಟ್ ಹಿಡಿದು ಬಾಗಿಲ ಹತ್ತಿರ ನಿಂತಿದ್ದ ಅಮ್ಮ ತನ್ನ ಅರೆಬರೆ ಸ್ವೀಡಿಷಿನಲ್ಲಿ, "ನಾನಿದ್ದೀನಲ್ಲ" ಎಂದಳು.

ಅಮ್ಮ ಹನುಮಂತನಗರದಲ್ಲಿ ಎಂಟು ವರ್ಷ ವೀಣೆ ಕಲಿತವಳು. ವೀಣೆ ಅಲ್ಲೇ ಉಳಿದಿತ್ತು. ಐದು ಗೆರೆಗಳ ಮೇಲೆ ಕೂತ ಚುಕ್ಕೆಗಳನ್ನು ಓದಲು ಅವಳಿಗೆ ಬರುತ್ತಿರಲಿಲ್ಲ. ಪ್ರತಿ ಬುಧವಾರ ನನ್ನ ಪಾಠ ಮುಗಿದ ಮೇಲೆ ಹತ್ತು ನಿಮಿಷ ಇಂಗ್ರಿಡ್ ಪಕ್ಕ ಕೂತು, ಮನೆಗೆ ಬಂದು ಎಡಪುಟದ ಒಂದೊಂದು ಚುಕ್ಕೆಯ ಮೇಲೂ ಪೆನ್ಸಿಲ್ ಒತ್ತಿ ಒತ್ತಿ ಸ, ರಿ, ಗ, ಮ ಎಂದು ಕನ್ನಡದಲ್ಲಿ ಬರೆದಳು. ನಡುನಡುವೆ ಇನ್ನೂ ಏನೇನೋ ಸಣ್ಣ ಸಾಲುಗಳು. ನನಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಮಾತೃಭಾಷೆಯ ಪಾಠಕ್ಕೆ ಊರಿನಲ್ಲಿ ಸಾಕಷ್ಟು ಕನ್ನಡದ ಮಕ್ಕಳಿಲ್ಲ ಎಂದು ಕೊಮ್ಯೂನಿನವರು ಹೇಳಿದ್ದರು. ನನ್ನ ಕಣ್ಣಿಗೆ ಅವೆಲ್ಲ ಇರುವೆ ಸಾಲು.

ಶಾಲೆಯ ಹಿಂದಿನ ಗುಡ್ಡದಲ್ಲಿ ಪ್ಲಾಸ್ಟಿಕ್ ತಟ್ಟೆಯ ಮೇಲೆ ಕೂತು ಹಿಮದಲ್ಲಿ ಜಾರಿ, ಕೆಂಪು ಮೂಗು ಸುರಿಸುತ್ತ ನಾನು ಮನೆಗೆ ಬರುವಷ್ಟರಲ್ಲಿ ಹೊರಗೆ ಕತ್ತಲಾಗುತ್ತಿತ್ತು. ಮೂರೂವರೆ ಗಂಟೆಯ ಕತ್ತಲು. ಅಮ್ಮ ಅವಲಕ್ಕಿ ಒಗ್ಗರಣೆ ಕೊಡುತ್ತಿದ್ದಳು.

"ಕೈ ತೊಳ್ಕೊಂಡ್ ಬಾ ಪುಟ್ಟಿ, ಎಣ್ಣೆ ಕೈಲಿ ಮುಟ್ಬೇಡ. ಮೀಸೆ ತಾತ ಇವತ್ತೇನ್ ಹೇಳ್ತಾನೆ ನೋಡೋಣ."

ಬಳೆ ತೆಗೆದು ಪಿಯಾನೊ ಮೇಲಿಟ್ಟು ಅವಳು ಎಡಕ್ಕೆ ಕೂರುತ್ತಿದ್ದಳು. ನಾನು ಬಲಕ್ಕೆ. ಅವಳ ಮೊಣಕೈ ನನ್ನ ಪಕ್ಕೆಗೆ ತಾಗುತ್ತಿತ್ತು. ಮೂರರ ಎಣಿಕೆಯ ನಿಧಾನದ ಸಂಗೀತ ಅದು. "ನಮ್ಮ ರೂಪಕ ತಾಳ ಇದ್ದ ಹಾಗಿದೆ ಕಣೆ" ಎಂದು ತೊಡೆ ತಟ್ಟಿ ತೋರಿಸುತ್ತಿದ್ದಳು. ಅವಳ ಕೈ ಕೆಳಗಡೆ ಗುನುಗುತ್ತಿದ್ದರೆ ನನ್ನದು ಮೇಲೆ ಹಾಡುತ್ತಿತ್ತು. ಇಡೀ ವಾದ್ಯವೃಂದ ನಮ್ಮಿಬ್ಬರದು ಅನ್ನಿಸುತ್ತಿತ್ತು. ಅಷ್ಟು ಸುಖ ನನಗೆ ಆಮೇಲೆ ಯಾವ ಸಂಗೀತದಲ್ಲೂ ಸಿಕ್ಕಿಲ್ಲ.

ಎರಡನೆಯ ಬಲಪುಟದಲ್ಲಿ ಒಂದು ಜಾಗವಿತ್ತು. ನನ್ನ ಬಲಗೈ ನಡುವಿನಿಂದ ನೆಗೆದು ಮೇಲಿನ ತುದಿಯ ಸ್ವರವನ್ನು ಹಿಡಿಯಬೇಕು. ಅಲ್ಲಿಗೆ ಬಂದಾಗಲೆಲ್ಲ ಅಮ್ಮ ನಿಧಾನವಾಗುತ್ತಿದ್ದಳು.

"ಅಮ್ಮಾ, ನೀನ್ ಮತ್ತೆ ಸ್ಲೋ ಆದೆ! ಕೌಂಟ್ ಮಾಡು, ಪ್ಲೀಸ್!"

"ಹೌದಾ? ಸರಿ, ಇನ್ನೊಂದ್ ಸಲ."

ಇನ್ನೊಂದು ಸಲವೂ ಹಾಗೇ. ಅಮ್ಮನಿಗೆ ಎಣಿಸಲು ಬರುವುದಿಲ್ಲ ಎಂದು ನಾನು ತೀರ್ಮಾನ ಮಾಡಿಬಿಟ್ಟೆ.

ಏಪ್ರಿಲಿನಲ್ಲಿ ಸಂಗೀತಶಾಲೆಯ ಕಾರಿಡಾರಿನಲ್ಲಿ ಒಬ್ಬಳು ಹುಡುಗಿ ನನ್ನ ಪುಸ್ತಕಕ್ಕೆ ಇಣುಕಿ, "ಇದೇನು ಹುಳುಗಳಾ?" ಎಂದು ನಕ್ಕಳು. ಮೇ ತಿಂಗಳಲ್ಲಿ ಎಲ್ಲ ಮಕ್ಕಳ ಕಛೇರಿ ಇತ್ತು. ಆ ಹುಡುಗಿ ನಕ್ಕ ದಿನವೇ ಮನೆಗೆ ಬಂದು, ಹುರುಳಿಕಾಯಿ ಹೆಚ್ಚುತ್ತಿದ್ದ ಅಮ್ಮನಿಗೆ ಹೇಳಿದೆ: "ಕನ್ಸರ್ಟ್‌ನಲ್ಲಿ ನಾನ್ ಇಂಗ್ರಿಡ್ ಜೊತೆ ನುಡಿಸ್ತೀನಿ. ನೀನ್ ಸರಿಯಾಗಿ ಕೌಂಟ್ ಮಾಡಲ್ಲ."

ಅಮ್ಮನ ಚಾಕು ನಿಂತಿತು. ಆಮೇಲೆ ಮತ್ತೆ ಹೆಚ್ಚತೊಡಗಿದಳು.

"ಆಯ್ತು ಪುಟ್ಟಿ. ನಾನ್ ಮುಂದಿನ ಸಾಲಲ್ಲಿ ಕೂತ್ಕೋತೀನಿ. ಅಲ್ಲಿಂದ ನೀನ್ ಚೆನ್ನಾಗ್ ಕಾಣ್ತೀಯ."

ನಾನು ಒಳಗೆ ಹೋಗಿ ರಬ್ಬರ್ ತಂದೆ. ಎಡಪುಟಗಳನ್ನೆಲ್ಲ ಉಜ್ಜಿದೆ, ಒಂದು ಅಕ್ಷರವೂ ಕಾಣದ ಹಾಗೆ. ಅಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. ಕೀಗಳ ಮೇಲೆ ಬಿದ್ದಿದ್ದ ರಬ್ಬರ್ ಪುಡಿಯನ್ನು ಅಂಗೈಯಿಂದ ಬಳಿದು ತೆಗೆದು, "ಎಷ್ಟ್ ಕಸ ಮಾಡಿದ್ದೀಯೆ" ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

"ಅಮ್ಮನ ಅಕ್ಷರಗಳೆಲ್ಲಿ?" ಎಂದು ಮುಂದಿನ ಬುಧವಾರ ಇಂಗ್ರಿಡ್ ಕೇಳಿದರು. ಅಳಿಸಿದೆ ಎಂದೆ. ಅವರು ಎಡಪುಟದ ಮೇಲೆ ಒಮ್ಮೆ ಬೆರಳಾಡಿಸಿ, ನನ್ನ ಎಡಕ್ಕೆ ಬಂದು ಕೂತರು.

ಕಛೇರಿಯ ದಿನ ಇಂಗ್ರಿಡ್ ಗಡಿಯಾರದಂತೆ ನುಡಿಸಿದರು. ಆ ಜಾಗ ಬಂತು. ನಾನು ನೆಗೆದೆ. ಸ್ವರ ಸಿಕ್ಕುವಷ್ಟರಲ್ಲಿ ಅವರು ಮುಂದೆ ಹೋಗಿಯಾಗಿತ್ತು. ನನ್ನ ಬೆರಳು ಗೋಜಲಾದವು, ಒಂದೆರಡು ಸಾಲು ಎಲ್ಲಿದ್ದೇನೆಂದೇ ತಿಳಿಯಲಿಲ್ಲ. ಹೇಗೋ ಮುಗಿಸಿದೆ. ಮುಂದಿನ ಸಾಲಿನಿಂದ ಮೊದಲ ಚಪ್ಪಾಳೆ ಅಮ್ಮನದು.

"ಇಂಗ್ರಿಡ್ ತುಂಬಾ ಫಾಸ್ಟ್ ಹೋದ್ರು" ಎಂದೆ, ವಾಪಸ್ ಬರುವಾಗ.

"ಇರ್ಬಹುದು. ನೀನ್ ಚೆನ್ನಾಗಿ ನುಡಿಸ್ದೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಅಮ್ಮನಿಗೆ ಚೆನ್ನಾಗಿ ಗೊತ್ತಿತ್ತು, ಅಪ್ಪನ ಮೇಲೆ ದಿನಾ ಪ್ರಯೋಗಿಸುತ್ತಿದ್ದಳು. ನನ್ನ ಮೇಲೆ ಒಂದು ಸಲವೂ ಇಲ್ಲ.

ಅವತ್ತು ದಾರಿಯಲ್ಲಿ ಅವಳು ಎರಡು ಸಲ ಬೆಂಚಿನ ಮೇಲೆ ಕೂತಳು. ಸುಸ್ತು ಎಂದಳು. ಜೂನಿನಲ್ಲಿ ಆಸ್ಪತ್ರೆ ಸೇರಿದಳು. ಕ್ಯಾನ್ಸರ್ ಆಗಲೇ ಎಲ್ಲ ಕಡೆ ಹರಡಿತ್ತು ಎಂಬುದನ್ನು ಅಪ್ಪ ನನಗೆ ಹೇಳಿದ್ದು ಬಹಳ ತಡವಾಗಿ. ಅಕ್ಟೋಬರಿನಲ್ಲಿ ಅಮ್ಮ ಹೋದಳು. ಬಳೆಗಳು ಪಿಯಾನೊ ಮೇಲೇ ಇದ್ದವು.

ಕಛೇರಿಯ ನಂತರ ನಾನು ಶಾಲೆಗೆ ಮರಳಿಸಿದ್ದ ಪುಸ್ತಕವನ್ನು ಇಂಗ್ರಿಡ್ ಮನೆಗೆ ಬಂದು ಕೊಟ್ಟರು. "ಶಾಲೆಗೆ ಬೇಡ, ನಿನ್ನ ಹತ್ತಿರವೇ ಇರಲಿ" ಎಂದರು. ನಾನು ಅದನ್ನು ಬೀರುವಿನಲ್ಲಿ ಬಟ್ಟೆಗಳ ಕೆಳಗೆ ತುರುಕಿದೆ.

ಹದಿನೇಳು ತುಂಬಿದಾಗ ಅಪ್ಪನನ್ನು ಕೇಳಿ ಭಾನುವಾರಗಳಲ್ಲಿ ಕನ್ನಡ ಅಕ್ಷರ ಕಲಿತೆ. ಆ ಫೆಬ್ರವರಿಯಲ್ಲಿ ಒಂದು ದಿನ ಪುಸ್ತಕ ಹೊರಗೆ ತೆಗೆದು ಕಿಟಕಿಯ ಹತ್ತಿರ ಕೂತೆ. ಇಲ್ಲಿ ಚಳಿಗಾಲದ ಬಿಸಿಲು ಮೇಲೇರುವುದಿಲ್ಲ, ಅಡ್ಡಡ್ಡ ಬರುತ್ತದೆ. ಎಡಪುಟವನ್ನು ಓರೆಯಾಗಿ ಹಿಡಿದಾಗ ಪೆನ್ಸಿಲ್ ಒತ್ತಿದ ಗುಳಿಗಳು ಕಂಡವು. ಹೆಚ್ಚಿನವು ಓದಲಾಗಲಿಲ್ಲ, ನಾನು ಅಷ್ಟು ಚೆನ್ನಾಗಿ ಉಜ್ಜಿದ್ದೆ. ಎರಡನೆಯ ಎಡಪುಟದ ಅಂಚಿನಲ್ಲಿ ಮಾತ್ರ ಅಮ್ಮ ಗಟ್ಟಿಯಾಗಿ ಒತ್ತಿ ಬರೆದಿದ್ದಳು. ಅಕ್ಷರ ಕೂಡಿಸಿಕೊಂಡು ಓದಿದೆ.

'ಇಲ್ಲಿ ಪುಟ್ಟಿ ಕೈ ದೂರ ಹೋಗಬೇಕು. ಬರೋವರೆಗೂ ಕಾಯಬೇಕು. ಅವಳಿಗೆ ಗೊತ್ತಾಗಬಾರದು.'

ಅಪ್ಪನಿಗೆ ತೋರಿಸಿದೆ. ಅವರು ಓದಿ, ಕನ್ನಡಕ ತೆಗೆದು, ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನಿಂತರು.

ಈಗ ನಾನು ಇದೇ ದೇಶದ ಲುಂಡ್ ಎಂಬ ಊರಿನಲ್ಲಿದ್ದೇನೆ. ಪುಕ್ಕಟೆ ಪಿಯಾನೊಗಳ ಕಾಲವೂ ಮುಗಿದಂತಿದೆ, ಹಳೆಯವನ್ನು ಯಾರೂ ಹೊತ್ತೊಯ್ಯುವುದಿಲ್ಲ, ಒಡೆದು ಎಸೆಯುತ್ತಾರೆ. ನನ್ನ ಬೆರಳುಗಳು ಉದ್ದವಾಗಿವೆ. ಆ ನೆಗೆತ ಈಗ ಸಲೀಸು. ಮೀಸೆ ತಾತನನ್ನು ಇಬ್ಬರು ಗೆಳತಿಯರ ಜೊತೆ ನುಡಿಸಿಯೂ ನೋಡಿದೆ. ಇಬ್ಬರೂ ತಾಳ ತಪ್ಪದವರು. ಅಲ್ಲಿಗೆ ಬಂದಾಗ ನಾನೇ ತಡೆದು ನಿಲ್ಲುತ್ತೇನೆ, ಅವರು ದಾಟಿ ಹೋಗುತ್ತಾರೆ. "ನೀನು ಸ್ಲೋ ಆದೆ" ಎನ್ನುತ್ತಾರೆ. ಹೌದು ಎನ್ನುತ್ತೇನೆ. ನನಗಾಗಿ ಕಾದು, ಕಾದದ್ದನ್ನು ಹೇಳದೆ, ನನ್ನಿಂದಲೇ ಆ ಮಾತು ಅನ್ನಿಸಿಕೊಂಡವಳು ಒಬ್ಬಳೇ ಇದ್ದಳು.