ಐವತ್ತು ವ್ಯಾಟಿಗೆ ಒಂದು ದಿನ

ವಾಸಪ್ಪನಿಗೆ ಕರುಣೆ ಎಂಬುದಿರಲಿಲ್ಲ. ಕೆಟ್ಟವನೇನಲ್ಲ. ಕದ್ದವನಲ್ಲ, ಕುಡಿದವನಲ್ಲ, ಹೆಂಡತಿ ಬದುಕಿದ್ದಷ್ಟು ದಿನ ಅವಳ ಮೇಲೆ ಕೈ ಎತ್ತಿದವನೂ ಅಲ್ಲ. ಆದರೆ ಎದುರಿಗೆ ನಿಂತವರ ಕಷ್ಟ ನೋಡಿ ಆಡಿದ ಮಾತನ್ನು ಸಡಿಲಿಸಿದ್ದು ಅರವತ್ತೇಳು ವರ್ಷಗಳಲ್ಲಿ ಒಂದೇ ಸಲ, ಅದಕ್ಕೂ ಆಮೇಲೆ ಪಶ್ಚಾತ್ತಾಪಪಟ್ಟಿದ್ದ. ಮೆಣಸೆ ಊರಿನ ಮೇಲ್ಭಾಗದಲ್ಲಿ, ಕಾಡಿನ ಅಂಚಿಗೆ ಚದುರಿಕೊಂಡಿರುವ ಐದು ಮನೆಗಳಲ್ಲಿ ಈ ವಿಷಯಕ್ಕೆ ಎರಡು ಅಭಿಪ್ರಾಯ ಇರಲಿಲ್ಲ. ಅವುಗಳಲ್ಲೊಂದು ಮನೆಯ ಜಲಜಮ್ಮನಿಗಂತೂ ಸಂಶಯವೇ ಇರಲಿಲ್ಲ.

ಆ ಐದು ಮನೆಗಳಿಗೆ ಕರೆಂಟ್ ಕೊಡುತ್ತಿದ್ದವನು ಅವನೇ. ಸರ್ಕಾರದ ಕಂಬಗಳು ಕೆಳಗಿನ ರಸ್ತೆಯವರೆಗೆ ಬಂದು ನಿಂತಿದ್ದವು. ನಡುವಿನ ಕಾಡಿನಲ್ಲಿ ತಂತಿ ಎಳೆಯಲು ಅನುಮತಿ ಸಿಕ್ಕಿರಲಿಲ್ಲ. ರಸ್ತೆ ಬದಿಯ ಮನೆಗಳಲ್ಲಿ ಖರ್ಚು ಇನ್ನೂರು ಯೂನಿಟ್‌ನ ಒಳಗಿದ್ದರೆ ಬಿಲ್ಲಿನ ಗೊಡವೆ ಇಲ್ಲ. ಮಾಡಿನ ಮೇಲೆ ಸೋಲಾರ್ ಹಾಕಿಸುವವರಿಗೆ ಸಬ್ಸಿಡಿಯೂ ಉಂಟು, ಮಿಕ್ಕಿದ ಕರೆಂಟಿಗೆ ಬೆಲೆಯೂ ಉಂಟು. ಇದಕ್ಕೆಲ್ಲ ಮೊದಲು ಮನೆಗೊಂದು ಮೀಟರ್ ಬೇಕು. ಮೇಲಿನ ಮನೆಗಳಲ್ಲಿ ಅದೇ ಇರಲಿಲ್ಲ.

ವಾಸಪ್ಪ ಇಪ್ಪತ್ತೆರಡು ವರ್ಷ ಬಾಳಗಡಿಯಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ. ಕಣ್ಣು ಮಂಜಾಗಿ ತಾಮ್ರದ ಎಳೆ ಎಣಿಸಲಾಗದೆ ಹೋದಾಗ ಬಾಗಿಲು ಹಾಕಿ, ತನ್ನ ಪಾಲಿನ ಎರಡು ಎಕರೆಗೆ ಮರಳಿದ. ಬರುವಾಗ ಒಂದು ಹಳೆಯ ಟರ್ಬೈನನ್ನೂ ಹೊತ್ತು ತಂದ. ಹಳ್ಳದಿಂದ ಅರ್ಧ ಕಿಲೋಮೀಟರ್ ಮಣ್ಣಿನ ಕಾಲುವೆ, ಅದರ ಕೊನೆಗೆ ಸಿಮೆಂಟಿನ ತೊಟ್ಟಿ, ತೊಟ್ಟಿಯಿಂದ ಗುಡ್ಡ ಇಳಿಯುವ ಪೈಪು, ಪೈಪಿನ ತುದಿಗೆ ಟರ್ಬೈನ್. ಮಳೆಗಾಲದಲ್ಲಿ ಸಾವಿರ ವ್ಯಾಟ್ ಹುಟ್ಟುತ್ತಿತ್ತು.

ದರ ನಿಗದಿ ಮಾಡಿದವನೂ ಅವನೇ. ಐವತ್ತು ವ್ಯಾಟಿಗೆ ತಿಂಗಳಿಗೆ ಒಂದು ದಿನದ ಕಾಲುವೆ ಕೆಲಸ. ಉದುರಿದ ಒಣ ಎಲೆಯ ದರಗು ಬಾಚಬೇಕು, ಏಡಿ ಕೊರೆದ ತೂತಿಗೆ ಮಣ್ಣು ಮೆತ್ತಬೇಕು, ಕುಸಿದ ದಂಡೆ ಕಟ್ಟಬೇಕು. ಮನೆಗೆ ನೂರು ವ್ಯಾಟ್, ಆದ್ದರಿಂದ ತಿಂಗಳಿಗೆ ಎರಡು ದಿನ. ಅವನ ಮನೆಗೂ ಅದೇ ದರ. ತನ್ನ ಎರಡು ದಿನವನ್ನು ಅವನು ತಪ್ಪಿಸಿದ್ದನ್ನು ಯಾರೂ ಕಂಡಿಲ್ಲ.

ಯೂನಿಟ್ ಲೆಕ್ಕ ಯಾಕಿಲ್ಲ ಎಂದು ಪಕ್ಕದ ಮನೆಯ ಸುಬ್ಬಪ್ಪ ಮೊದಲ ವರ್ಷವೇ ಜಗಳ ತೆಗೆದಿದ್ದ. ತಾನು ಎಂಟು ಗಂಟೆಗೆಲ್ಲ ದೀಪ ಆರಿಸಿ ಮಲಗುವವನು, ತನಗೂ ಅದೇ ದರವೇ ಎಂಬುದು ಅವನ ವಾದ. ಯಾರೂ ಬಳಸದ ಕರೆಂಟು ವಾಸಪ್ಪನ ಬಚ್ಚಲಿನ ಹೀಟರಿಗೆ ಹೋಗುತ್ತಿತ್ತು. ಎಲ್ಲಿಯಾದರೂ ಅದು ಖರ್ಚಾಗದಿದ್ದರೆ ಟರ್ಬೈನ್ ಹುಚ್ಚು ವೇಗದಲ್ಲಿ ತಿರುಗಿ ಹಾಳಾಗುತ್ತದೆ.

“ನಾವು ಲೈಟ್ ಆರಿಸಿದಷ್ಟೂ ಇವನ ಹಂಡೆ ಕಾಯ್ತದೆ ಮಾರಾಯ. ಉಳಿತಾಯ ನಮ್ದು, ಸ್ನಾನ ಇವಂದು,” ಎಂದು ಸುಬ್ಬಪ್ಪ ಊರಿಗೆಲ್ಲ ಸಾರಿದ.

“ಹಾಗಾದ್ರೆ ಆರಿಸ್ಬೇಡ. ನೀನು ಆರಿಸಿದ್ದು ಹಳ್ಳಕ್ಕೆ ಗೊತ್ತಾಗ್ತದಾ?” ಎಂದಿದ್ದ ವಾಸಪ್ಪ.

ಅವನ ಮಾತು ಸರಿಯಾಗಿಯೇ ಇತ್ತು. ಹರಿಯುವ ನೀರನ್ನು ನಾಳೆಗೆಂದು ಎತ್ತಿಡಲು ಬರುವುದಿಲ್ಲ. ಒಂದೇ ಹೊತ್ತಿಗೆ ಯಾರು ಎಷ್ಟು ಎಳೆಯುತ್ತಾರೆ ಎಂಬುದಷ್ಟೇ ಲೆಕ್ಕ. ಒಮ್ಮೆ ಕಲ್ಲಮ್ಮನ ಮನೆಯ ಮದುವೆಗೆ ಗ್ರೈಂಡರ್ ಓಡಿಸಲು ದಾಕ್ಷಿಣ್ಯಕ್ಕೆ ಬಿಟ್ಟಿದ್ದ. ಟರ್ಬೈನಿಗೆ ಜೋಡಿಸಿದ ಜನರೇಟರಿನ ತಾಮ್ರದ ವೈಂಡಿಂಗ್ ಸುಟ್ಟು ಐದು ಮನೆಗಳೂ ನಲವತ್ತು ದಿನ ಕತ್ತಲಲ್ಲಿ ಕೂತವು. ಅವನು ಮಾತು ಸಡಿಲಿಸಿದ ಆ ಒಂದು ಸಲ ಅದೇ.

ಶಿವರಾತ್ರಿಯ ಮರುವಾರ ಜಲಜಮ್ಮನ ಗಂಡ ಮಂಜಯ್ಯನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಮೂವತ್ತು ವರ್ಷ ಅಕ್ಕಿ ಗಿರಣಿಯಲ್ಲಿ ದುಡಿದ ಅವನ ಶ್ವಾಸಕೋಶದಲ್ಲಿ ಗಾಳಿಗೆ ಜಾಗ ಉಳಿದಿರಲಿಲ್ಲ. ಜೊತೆಗೆ ಒಂದು ಆಕ್ಸಿಜನ್ ಯಂತ್ರವನ್ನು ಎರವಲು ಕೊಟ್ಟಿದ್ದರು. ಅದು ಹಗಲೂ ರಾತ್ರಿ ಓಡಬೇಕು, ನಿಂತರೆ ಅರ್ಧ ಗಂಟೆ ಬದುಕುವುದೂ ಕಷ್ಟ ಎಂದು ಡಾಕ್ಟರ್ ಹೇಳಿದ್ದರು. ಮಗಳು ಕಾವ್ಯ ಇರುವುದು ಸರ್ಕಾರದ ಕರೆಂಟಿರುವ ಕಡಹಿನಬೈಲಿನಲ್ಲಿ. ಅವರ ಒಂದೇ ಕೋಣೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಮಲಗಿದ್ದರು. ಪಕ್ಕಕ್ಕೆ ಕಟ್ಟಿಸುತ್ತಿದ್ದ ಇನ್ನೊಂದು ಕೋಣೆ ಯುಗಾದಿಗೆ ಸಿದ್ಧವಾಗುತ್ತದೆ, ಅಲ್ಲಿಯವರೆಗೆ ಹೇಗಾದರೂ ಸುಧಾರಿಸಿಕೊಳ್ಳಿ ಎಂದು ಅವಳು ಫೋನಿನಲ್ಲಿ ಅತ್ತಿದ್ದಳು. ಇಪ್ಪತ್ತೈದು ದಿನ. ಬಾಡಿಗೆ ಜನರೇಟರಿಗೆ ಪೆಟ್ರೋಲ್ ಸುರಿದರೆ ಕೈಯಲ್ಲಿದ್ದ ದುಡ್ಡು ನಾಲ್ಕು ದಿನಕ್ಕೆ ಮುಗಿಯುತ್ತಿತ್ತು.

ಜಲಜಮ್ಮ ಹೋಗಿ ವಾಸಪ್ಪನ ಅಂಗಳದಲ್ಲಿ ನಿಂತಳು. ಅವನು ಮೊದಲು ಕೇಳಿದ್ದು ಮಂಜಯ್ಯ ಹೇಗಿದ್ದಾನೆ ಎಂದಲ್ಲ, ಯಂತ್ರದ ಬೆನ್ನ ಮೇಲೆ ಎಷ್ಟು ವ್ಯಾಟ್ ಎಂದು ಬರೆದಿದೆ ಎಂದು. ಮುನ್ನೂರು ಎಂದಳು.

“ಲೈಟಿಗೆ ಐವತ್ತು ಸೇರಿ ಮುನ್ನೂರೈವತ್ತು. ತಿಂಗಳಿಗೆ ಏಳು ದಿನ ಆಗ್ತದೆ.”

“ಅವರನ್ನ ಬಿಟ್ಟು ಏಳು ದಿನ ಹೇಗೆ ಬರಲಿ ವಾಸಣ್ಣ?”

“ನಾನು ಹೇಳಿದ್ದು ರೇಟು ಜಲಜ. ಹೇಗೆ ಅನ್ನೋದು ನಿನಗೆ ಬಿಟ್ಟದ್ದು.”

ಮಾರ್ಚಿನ ಹಳ್ಳ ಕೊಡುತ್ತಿದ್ದದ್ದು ಆರುನೂರು ವ್ಯಾಟ್ ಮಾತ್ರ. ಉಳಿದ ನಾಲ್ಕು ಮನೆಗಳು ಅರ್ಧಕ್ಕೆ ಇಳಿದರೆ ಅವಳಿಗೆ ಸಾಲುತ್ತದೆ, ಒಪ್ಪಿಸುವುದು ಅವಳ ಕೆಲಸ ಎಂದು ಅವನು ಕೈತೊಳೆದುಕೊಂಡ. ಅವಳು ಮನೆ ಮನೆ ಹತ್ತಿ ಇಳಿದಳು. ಮಿಕ್ಸಿ, ಟಿವಿ ಎಲ್ಲ ನಿಂತವು. ಟಿವಿ ಬಿಡಲು ಗೊಣಗಿದವನು ಸುಬ್ಬಪ್ಪ ಒಬ್ಬನೇ. ಹತ್ತನೇ ಕ್ಲಾಸಿನ ಪರೀಕ್ಷೆಗೆ ಓದುತ್ತಿದ್ದ ಅವನ ಮೊಮ್ಮಗಳು ನಿಶ್ಚಿತಾ, “ನನಗೇ ಕಷ್ಟ ಜಲಜತ್ತೆ. ಟಿವಿ ಇಲ್ದಿದ್ರೆ ಅಜ್ಜ ನನ್ನ ಪಾಠ ಒಪ್ಪಿಸ್ಕೊಳ್ತಾ ಕೂರ್ತಾರೆ,” ಎಂದಳು. ಜಲಜಮ್ಮನಿಗೆ ನಗಬೇಕೆಂದು ನೆನಪಾದದ್ದು ಮನೆಗೆ ಬಂದ ಮೇಲೆ.

ಯಂತ್ರ ಓಡಿತು. ಅದರ ಸದ್ದಿನ ಜೊತೆಗೇ ಅವಳ ದಿನಗಳು ಓಡಿದವು. ಕಲ್ಲಮ್ಮ ಬಂದು ಮಂಜಯ್ಯನ ಪಕ್ಕ ಕೂತಾಗ ಮಾತ್ರ ಅವಳು ಗುದ್ದಲಿ ಹಿಡಿದು ಕಾಲುವೆಗೆ ಹೋಗುತ್ತಿದ್ದಳು. ಹತ್ತು ದಿನಗಳಲ್ಲಿ ಅವಳಿಂದ ಆದದ್ದು ಒಂದು ದಿನದ ಕೆಲಸವೂ ಅಲ್ಲ.

ಒಂದು ಶುಕ್ರವಾರ ವಾಸಪ್ಪ ಮನೆ ಬಾಗಿಲಿಗೆ ಬಂದ. ಒಳಗೆ ಕೂರಲಿಲ್ಲ. ಮಂಜಯ್ಯ ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಮಂಚದ ಮೇಲೆ ಒರಗಿದ್ದ. ಅವನಿಗೆ ಕೇಳಿಸುವಂತೆಯೇ ವಾಸಪ್ಪ ಹೇಳಿದ. ತೊಟ್ಟಿಯಲ್ಲಿ ನಿಲ್ಲಿಸಿದ ಗೂಟಕ್ಕೆ ತಾನು ಒಂದು ಗುರುತು ಕೊರೆದಿದ್ದೇನೆ, ಸೋಮವಾರದ ಹೊತ್ತಿಗೆ ನೀರು ಅದಕ್ಕಿಂತ ಕೆಳಗೆ ಹೋಗುತ್ತದೆ, ಆಮೇಲೆ ಎಲ್ಲ ಮನೆಗೂ ಸಮನಾಗಿ ಕಡಿತ.

“ಕಡಿಮೆ ಕೊಟ್ರೆ ಈ ಯಂತ್ರ ಓಡೋದೇ ಇಲ್ಲ ವಾಸಣ್ಣ.”

“ಗೊತ್ತು.”

ಅವಳು ಹೊಸ್ತಿಲು ದಾಟಿ ಬಂದು ಅವನ ಕಾಲು ಹಿಡಿದಳು. ಐವತ್ನಾಲ್ಕು ವರ್ಷಗಳಲ್ಲಿ ದೇವರ, ಮನೆಯ ಹಿರಿಯರ ಕಾಲು ಬಿಟ್ಟು ಅವಳು ಬೇರೆ ಯಾರ ಕಾಲನ್ನೂ ಮುಟ್ಟಿರಲಿಲ್ಲ. ವಾಸಪ್ಪ ಕಾಲನ್ನು ಹಿಂದಕ್ಕೆ ಎಳೆದುಕೊಂಡ.

“ನಿನ್ನ ಕೆಲಸವೂ ಬಾಕಿ ಇದೆ,” ಎಂದು ಹೇಳಿ ಇಳಿದು ಹೋದ.

ಮಂಜಯ್ಯ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಿದ್ದ. ಅಂದು ಅವನು ಊಟ ಬೇಡವೆಂದ.

ಶನಿವಾರ, ಭಾನುವಾರ ಅವಳು ಫೋನ್ ಹಿಡಿದು ಅಂಗಳದಲ್ಲಿ ಸಿಗ್ನಲ್ ಹುಡುಕಿದಳು. ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ಕಾವ್ಯಳ ಹೊಸ ಕೋಣೆಗೆ ಇನ್ನೂ ಬಾಗಿಲು ಕೂರಿಸಿರಲಿಲ್ಲ, ವಯರಿಂಗ್ ಆಗಿರಲಿಲ್ಲ. ಸೋಮವಾರ ಬೆಳಗಿನಿಂದ ಅವಳು ಯಂತ್ರದ ಎದುರು ಕೂತಳು. ಅದರ ಹಸಿರು ದೀಪ ಕೆಂಪಾದರೆ ಏನು ಮಾಡಬೇಕೆಂದು ಅವಳಿಗೆ ತಿಳಿದಿರಲಿಲ್ಲ. ತಿಳಿದಿದ್ದದ್ದು ಒಂದೇ, ಮಾಡುವುದಕ್ಕೆ ಏನೂ ಇಲ್ಲ ಎಂದು.

ದೀಪ ಹಸಿರಾಗಿಯೇ ಉಳಿಯಿತು. ಮಂಗಳವಾರವೂ ಹಾಗೆಯೇ. ಶಾರದಾಂಬೆ ಕಣ್ಣು ಬಿಟ್ಟಳು ಎಂದಳು ಕಲ್ಲಮ್ಮ. ಜಲಜಮ್ಮನಿಗೆ ನಂಬಿಕೆ ಬರಲಿಲ್ಲ. ಕಾಡಿನ ಮೇಲೆ ಒಂದು ಹನಿ ಬಿದ್ದಿಲ್ಲ, ಹಳ್ಳ ಹಿಗ್ಗುವುದು ಎಲ್ಲಿಂದ? ವಾಸಪ್ಪ ಲೆಕ್ಕ ತಪ್ಪಿದ್ದಾನೆ, ಇವತ್ತಲ್ಲ ನಾಳೆ ಬಂದು ಕಡಿಯುತ್ತಾನೆ, ಆಗ ನಿನ್ನ ಕೆಲಸ ಬಾಕಿ ಎನ್ನಲು ಅವನಿಗೆ ಬಾಯಿ ಇರಬಾರದು. ಬುಧವಾರ ಮಧ್ಯಾಹ್ನ ಕಲ್ಲಮ್ಮನನ್ನು ಕೂರಿಸಿ, ಬೀಪ್ ಎಂದು ಸದ್ದಾದರೆ ಅಂಗಳಕ್ಕೆ ಬಂದು ಕೂಗಬೇಕೆಂದು ಮೂರು ಸಲ ಹೇಳಿ, ಗುದ್ದಲಿ ಹಿಡಿದು ಹೊರಟಳು.

ಕಾಲುವೆಗೆ ಯಂತ್ರದ ಸದ್ದು ಕೇಳಿಸುವುದಿಲ್ಲ. ಕೆಳಗಿನಿಂದ ಟರ್ಬೈನಿನ ಗುಂಯ್ ಎನ್ನುವ ಸದ್ದು ಮಾತ್ರ ಬರುತ್ತದೆ. ಅದಕ್ಕೆ ಕಿವಿ ಕೊಟ್ಟು ಅವಳು ದರಗು ಬಾಚಿದಳು. ಬಾಚುತ್ತ ಬಾಚುತ್ತ ತನ್ನ ಭಾಗ ದಾಟಿ, ಯಾವತ್ತೂ ಹೋಗದಷ್ಟು ಮೇಲಕ್ಕೆ ಹೋದಳು.

ಅಲ್ಲಿ ದಂಡೆಯಲ್ಲಿ ವಾಸಪ್ಪನ ತೋಟಕ್ಕೆ ನೀರು ತಿರುಗಿಸುವ ಕಂಡಿ ಇತ್ತು. ಹಳದಿ ಎಲೆ ರೋಗಕ್ಕೆ ಹಳೆಯ ಅಡಿಕೆ ಮರಗಳೆಲ್ಲ ಹೋದ ಮೇಲೆ ಅವನು ಹೊಸದಾಗಿ ಇನ್ನೂರು ಸಸಿ ನೆಟ್ಟಿದ್ದ. ಅವುಗಳಿಗೆ ಇದು ಎರಡನೇ ಬೇಸಿಗೆ. ನೀರು ಕಾಣದೆ ಈ ಬೇಸಿಗೆ ದಾಟುವ ಸಸಿ ಇಲ್ಲ. ಕಂಡಿಗೆ ಕಲ್ಲು ಇಟ್ಟು ಮಣ್ಣು ಮೆತ್ತಲಾಗಿತ್ತು, ತೋಟದ ಪಾಲಿನ ನೀರೂ ತೊಟ್ಟಿಯ ಕಡೆಗೇ ಹರಿಯುತ್ತಿತ್ತು. ಹೊರಮೈಯ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು, ಮುಚ್ಚಿ ನಾಲ್ಕೈದು ದಿನವಾಗಿರಬೇಕು. ಕೆಳಗೆ ಸಸಿಗಳ ಎಲೆಯ ತುದಿ ಕಂದಿತ್ತು. ಬಿಸಿಲಿಗೆ ಬಿದ್ದ ಸಾಲಿನಲ್ಲಿ ಕೆಲವು ಸುಳಿಯೇ ಬಾಗಿ ನಿಂತಿದ್ದವು.

ವಾಸಪ್ಪ ಮೇಲಿನಿಂದ ಗುದ್ದಲಿ ಹೊತ್ತು ಇಳಿದು ಬಂದ. ಅವಳನ್ನು ನೋಡಿದ, ಅವಳು ಬಾಚಿ ಹಾಕಿದ ದರಗಿನ ರಾಶಿಯನ್ನು ನೋಡಿದ.

“ಸಸಿ ಸಾಯ್ತಾವಲ್ಲ ವಾಸಣ್ಣ.”

“ಗುರುತಿನ ಕೆಳಗೆ ನೀರು ಹೋದ್ರೆ ವೈಂಡಿಂಗಿಗೆ ಒಳ್ಳೇದಲ್ಲ.”

“ಯುಗಾದಿ ತನಕ ಬರ್ತದಾ?”

“ಹೇಳ್ಲಿಕ್ಕೆ ಆಗಲ್ಲ.” ಅವನು ಕೆಳಗಿನ ಹಲಸಿನ ಬೇರಿನ ಕಡೆಗೆ ಕೈ ತೋರಿಸಿದ. “ನಿನ್ನ ಭಾಗ ಅಲ್ಲಿವರೆಗೆ ಮಾತ್ರ. ಇಲ್ಲಿ ಮಾಡಿದ್ದು ನಾನು ಲೆಕ್ಕಕ್ಕೆ ಹಿಡಿಯಲ್ಲ. ಇನ್ನೂ ಆರು ದಿನ ಬಾಕಿ.”

ಅವಳು ಇಳಿಯಲು ತಿರುಗಿದಳು. ಕಂಡಿಯ ಒಂದು ಮೂಲೆಯಲ್ಲಿ ಮಣ್ಣು ಸೋರಿ, ದಾರದಷ್ಟು ತೆಳುವಾದ ನೀರು ಸಸಿಗಳ ಕಡೆಗೆ ಹರಿಯುತ್ತಿತ್ತು. ಮೊದಲ ಸಸಿಯ ಬುಡ ಒಂದು ಮಾತ್ರ ಹಸಿಯಾಗಿತ್ತು. ವಾಸಪ್ಪ ಗುದ್ದಲಿ ಕೆಳಗಿಟ್ಟು, ಮಂಡಿ ಊರಿ ಕೂತು, ಕಾಲುವೆಯ ತಳದಿಂದ ಒಂದು ಹಿಡಿ ಮಣ್ಣು ತೆಗೆದು ಅದನ್ನೂ ಮುಚ್ಚಿದ. ನೀರು ನಿಂತಿತೋ ಇಲ್ಲವೋ ಎಂದು ಸ್ವಲ್ಪ ಹೊತ್ತು ಅಲ್ಲೇ ಬೆರಳು ಒತ್ತಿ ಹಿಡಿದುಕೊಂಡಿದ್ದ.