ಕಾದಿರಿಸಿದ ಗ್ರಂಥ

ಎರ್ಸಿಲಿಯಾ ಬಲ್ದಾಚ್ಚಿ ಮೂವತ್ತೈದು ವರ್ಷ ಮಧ್ಯಯುಗದ ಹಿಟ್ಟಿನ ಗಿರಣಿಗಳ ಬಗ್ಗೆ ಬರೆದಳು. ಗಿರಣಿಗಳ ಮೇಲೆ ಅವಳಿಗೆ ಎಳ್ಳಷ್ಟೂ ಪ್ರೀತಿಯಿರಲಿಲ್ಲ. ಯಾವ ಮಠದವರು ಯಾವ ಹಳ್ಳದ ಮೇಲೆ ಗಿರಣಿ ಕಟ್ಟಿಸಿದರು, ನೀರಿಗಾಗಿ ಯಾರು ಯಾರೊಡನೆ ಜಗಳವಾಡಿದರು ಎಂದು ಮೂರು ಪುಸ್ತಕ ಬರೆದಳು; ಮೂರನ್ನೂ ಹಲ್ಲು ಕಚ್ಚಿಕೊಂಡೇ ಬರೆದಳು. ಅವಳಿಗೆ ಬೇಕಾಗಿದ್ದ ಗ್ರಂಥ ಬೇರೆಯೇ ಇತ್ತು. ಅದು ಪ್ರೊಫೆಸರ್ ಫೆರ್ರಾಂತಿನಿಯವರದು.

ಅವರದು ಎಂದರೆ ಅವರು ಬರೆದದ್ದಲ್ಲ, ಕೊಂಡುಕೊಂಡದ್ದೂ ಅಲ್ಲ. ಬಿಷಪ್ಪರ ದಫ್ತರಖಾನೆಯಲ್ಲಿದ್ದ ಚರ್ಮದ ಹಾಳೆಗಳ ಕೈಬರಹ ಅದು. ಸಾವಿರದ ಇನ್ನೂರ ಎಪ್ಪತ್ತಮೂರರಲ್ಲಿ ಬೆಟ್ಟದ ಮೇಲಿನ ಹುಲ್ಲುಗಾವಲು ಮಠದ್ದೋ ಊರಿನದ್ದೋ ಎಂದು ವ್ಯಾಜ್ಯವಾದಾಗ ಕುರುಬರು, ವಿಧವೆಯರು, ಕಮ್ಮಾರರು ಕೊಟ್ಟ ಸಾಕ್ಷಿಗಳೆಲ್ಲ ಅದರಲ್ಲಿದ್ದವು. ಪ್ರೊಫೆಸರರು ಒಂದು ಸಭೆಯಲ್ಲಿ "ಇದನ್ನು ನಾನು ಅಚ್ಚಿಗೆ ಸಿದ್ಧಪಡಿಸುತ್ತಿದ್ದೇನೆ" ಎಂದರು, ಒಂದು ಅಡಿಟಿಪ್ಪಣಿಯಲ್ಲೂ ಹಾಗೇ ಬರೆದರು. ಅಷ್ಟೇ. ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತಾಯಿತು. ಆಮೇಲೆ ಅದನ್ನು ಮುಟ್ಟಬಾರದೆಂದು ಯಾವ ಕಾನೂನೂ ಇರಲಿಲ್ಲ. ಮುಟ್ಟಿದವರಿಗೆ ಮಾತ್ರ ಎಲ್ಲೂ ಕೆಲಸ ಸಿಗುತ್ತಿರಲಿಲ್ಲ.

ಎರ್ಸಿಲಿಯಾ ರೊಕ್ಕಸ್ಪೀನಾ ಎಂಬ ಬೆಟ್ಟದೂರಿನ ಗಾರೆ ಕೆಲಸದವನ ಮಗಳು. ಲ್ಯಾಟಿನ್ ಕಲಿಸಿದ್ದು ಊರಿನ ಪಾದ್ರಿ. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಆ ಕೈಬರಹ ಅವಳ ಕಣ್ಣಿಗೆ ಬಿತ್ತು, ಓದುತ್ತ ಓದುತ್ತ ಊಟ ಮರೆತಳು. ಅರವತ್ತಮೂರನೆಯ ಹಾಳೆಯಲ್ಲಿ ಬೋನಫೆಮ್ಮಿನಾ ಎಂಬ ಕುರುಬರ ವಿಧವೆ "ನಾನು ಚಿಕ್ಕವಳಿದ್ದಾಗ ಗಡಿಕಲ್ಲಿನ ಹತ್ತಿರ" ಎಂದು ಶುರುಮಾಡಿದ್ದಳು. ಮುಂದಿನ ನಾಲ್ಕು ಹಾಳೆ ಯಾವ ಕಾಲದಲ್ಲೋ ಕಿತ್ತುಹೋಗಿದ್ದವು. ಪದವಿಯ ಪ್ರಬಂಧಕ್ಕೆ ಇದೇ ವಿಷಯ ಬೇಕೆಂದು ಎರ್ಸಿಲಿಯಾ ತನಗೆ ಕಲಿಸುತ್ತಿದ್ದ ಪ್ರೊಫೆಸರರನ್ನು ಕೇಳಿದಳು.

"ಅದು ಬೇಡಮ್ಮ, ಅದು ನನ್ನ ಕೈಲಿದೆ," ಎಂದರು ಅವರು. "ನೀನು ಗಿರಣಿ ನೋಡು. ಗಿರಣಿ ಯಾರೂ ನೋಡಿಲ್ಲ."

ಯಾರೂ ಯಾಕೆ ನೋಡಿರಲಿಲ್ಲವೆಂದು ಅವಳಿಗೆ ಬೇಗನೆ ಅರ್ಥವಾಯಿತು. ವಿಶ್ವವಿದ್ಯಾಲಯದ ಹುದ್ದೆಗೆ ಮೂರು ಸಲ ಪರೀಕ್ಷೆಗೆ ಕೂತಳು. ಮೂರು ಸಲವೂ ಪರೀಕ್ಷಕರು ಗಿರಣಿ ಬಿಟ್ಟು ಇನ್ನೇನು ಮಾಡಿದ್ದೀರಿ ಎಂದು ಕೇಳಿ, ಹುದ್ದೆಯನ್ನು ಇನ್ನಾರಿಗೋ ಕೊಟ್ಟರು. ಕೊನೆಗೆ ಅವಳು ಊರಿಗೆ ಮರಳಿ ಹೈಸ್ಕೂಲಿನಲ್ಲಿ ಲ್ಯಾಟಿನ್ ಟೀಚರಾದಳು. ಮಧ್ಯಾಹ್ನದ ಹೊತ್ತು ಪುರಸಭೆಯ ಹಳೇ ದಾಖಲೆಗಳ ಕೋಣೆಯ ಬೀಗದ ಕೈ ಅವಳದೇ. ತಮ್ಮ ಲೆಯಾರ್ಕೊ ಕ್ಷೌರದಂಗಡಿ ಇಟ್ಟಿದ್ದ. ಇಬ್ಬರೂ ಮದುವೆಯಾಗದೆ ಅಪ್ಪನ ಮನೆಯಲ್ಲೇ ಉಳಿದರು. ನಿನ್ನ ಮಠದವರು ಇನ್ನೂ ಹಿಟ್ಟು ಬೀಸಿ ಮುಗಿಸಲಿಲ್ಲವೇ ಎಂದು ಅವನು ದಿನವೂ ಅವಳ ಕಾಲೆಳೆಯುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ.

ಸಾವಿರದ ಒಂಬೈನೂರ ಎಂಬತ್ತೆಂಟರ ಚಳಿಗಾಲದಲ್ಲಿ ಆ ಕೋಣೆಯ ಮೇಲಿನ ಅಟ್ಟಣಿಗೆಯಿಂದ ಹಳೇ ನೋಟರಿಯೊಬ್ಬನ ದಪ್ಪ ವಹಿಗಳನ್ನು ಇಳಿಸಿದಳು. ಆ ಕಾಲದ ನೋಟರಿಗಳು ಜುಗ್ಗರು. ಯಾರದೋ ಹಳೇ ಚರ್ಮದ ಹಾಳೆ ಸಿಕ್ಕರೆ ಅದನ್ನೇ ವಹಿಗೆ ರಟ್ಟು ಮಾಡಿಬಿಡುತ್ತಿದ್ದರು. ಧೂಳು ಒರೆಸಿದಾಗ ಅಕ್ಷರ ಕಂಡಿತು, ಬಿಷಪ್ಪರ ದಫ್ತರಖಾನೆಯ ಆ ಸಾಕ್ಷಿಗಳನ್ನು ಬರೆದವನದೇ ಕೈ ಎಂದು ಕೂಡಲೇ ತಿಳಿಯಿತು. ನಾಲ್ಕು ವಹಿ, ನಾಲ್ಕು ಹಾಳೆ. ಅವಳು ಏಣಿಯ ಮೆಟ್ಟಿಲ ಮೇಲೆಯೇ ಕೂತು ಓದಿದಳು. ಹಬ್ಬದ ದಿನ ಊರವರೆಲ್ಲ ಇಗರ್ಜಿಯಲ್ಲಿದ್ದಾಗ ನನ್ನಪ್ಪನೇ ಗಡಿಕಲ್ಲು ಕಿತ್ತು ಮೇಲಕ್ಕೆ, ಮಠದ ನೆಲದೊಳಕ್ಕೆ ಹೊತ್ತುಹೋದ ಎಂದು ಬೋನಫೆಮ್ಮಿನಾ ಹೇಳಿದ್ದಳು. ಹಾಗೆ ಹೇಳಿ ಊರಿನ ಕೈಯಿಂದ ಹುಲ್ಲುಗಾವಲು ತಪ್ಪಿಸಿದ್ದಳು.

ಈ ಸಂಗತಿ ಲೆಯಾರ್ಕೊನ ಹೊರತು ಇನ್ನಾರಿಗೂ ಅವಳು ಹೇಳಲಿಲ್ಲ. ಮುದುಕ ತನ್ನ ಗ್ರಂಥವನ್ನು ಅಚ್ಚು ಹಾಕಿಸಲಿ, ಮರುತಿಂಗಳೇ ಈ ನಾಲ್ಕು ಹಾಳೆ ನನ್ನ ಹೆಸರಿನಲ್ಲಿ ಹೊರಗೆ ಬರುತ್ತವೆ, ಅವನದು ಅರೆಬರೆ ಕೆಲಸವೆಂದು ಯುರೋಪಿಗೆಲ್ಲ ಗೊತ್ತಾಗಲಿ ಎಂದು ಹಟ ಹಿಡಿದಳು.

ಮರುವರ್ಷ ಅಕ್ಟೋಬರಿನಲ್ಲಿ ಪ್ರೊಫೆಸರರೇ ಬಸ್ಸು ಹತ್ತಿ ಬಂದರು. ದಾಖಲೆಗಳ ಕೋಣೆಯಲ್ಲಿ ಕೂತು ಅವಳು ಕೊಟ್ಟ ಕಾಫಿ ಕುಡಿದರು, ಮಂಡಿನೋವಿನ ಬಗ್ಗೆ ಹೇಳಿಕೊಂಡರು. ಆಮೇಲೆ ಟೋಪಿಯನ್ನು ಮಡಿಲಲ್ಲಿ ತಿರುಗಿಸುತ್ತ ಕೇಳಿದರು: "ಆ ನಾಲ್ಕು ಹಾಳೆ ನಿಮ್ಮೂರ ದಫ್ತರದಲ್ಲೇನಾದ್ರೂ ಕಣ್ಣಿಗೆ ಬಿದ್ದಿದ್ಯೇನಮ್ಮ?"

ವಹಿಗಳು ಅವರ ಬೆನ್ನ ಹಿಂದಿನ ಕಪಾಟಿನಲ್ಲೇ ಇದ್ದವು.

"ಇಲ್ಲ ಪ್ರೊಫೆಸರೇ. ನಾನೇ ಎಲ್ಲಾ ಹುಡುಕಿದೀನಿ. ಏನೂ ಇಲ್ಲ."

ಆ ಸಂಜೆ ಊಟಕ್ಕೆ ಕೂತಾಗ ಲೆಯಾರ್ಕೊ ತಟ್ಟೆ ಮುಟ್ಟಲಿಲ್ಲ. "ಪಾಪ, ಒಂದೂವರೆ ಗಂಟೆ ಬಸ್ ಕಾಯ್ತಾ ನನ್ನಂಗಡೀಲಿ ಕೂತಿದ್ರು ಆ ಮನುಷ್ಯ. ಕೊಟ್ಬಿಡಬಾರದಿತ್ತಾ ಅಕ್ಕಾ?"

"ಕೊಟ್ರೆ ಅವರ ಹೆಸರಲ್ಲಿ ಬರುತ್ತೆ."

"ಕೊಡದಿದ್ರೆ ಯಾರ ಹೆಸರಲ್ಲೂ ಬರಲ್ಲ."

"ನೀನು ಗಡ್ಡ ಕೆರೆಯೋದು ನೋಡ್ಕೋ ಹೋಗು."

ಆಮೇಲೆ ಕಾದಳು, ಕಾದೇ ಕಾದಳು. ಪ್ರತಿ ವಸಂತದಲ್ಲೂ ಪ್ರಕಾಶಕರ ಪಟ್ಟಿ ತರಿಸಿ ಬೆರಳಿಟ್ಟು ಹುಡುಕುವಳು, ಗ್ರಂಥ ಇರುತ್ತಿರಲಿಲ್ಲ. ವಿದ್ವಾಂಸರ ಸಭೆಗಳಲ್ಲಿ ಎದುರು ಸಿಕ್ಕರೆ ಎಲ್ಲಿಗೆ ಬಂತೆಂದು ಕೇಳುವಳು. ಇನ್ನೊಂದು ಸ್ವಲ್ಪ ಉಳಿದಿದೆ ಎಂದು ಅವರು ನಗುವರು. ಸೋಮಾರಿ, ಹೊಟ್ಟೆಕಿಚ್ಚಿನವ, ತಾನೂ ಮಾಡ, ಮಾಡುವವರಿಗೂ ಬಿಡ ಎಂದು ಬಯ್ಯುತ್ತ ಮನೆಗೆ ಬರುವಳು. ಬಯ್ದೂ ಬಯ್ದೂ ತಲೆ ನರೆಯಿತು. ನಿವೃತ್ತಿಯೂ ಆಯಿತು.

ಎರಡು ಸಾವಿರದ ಹನ್ನೊಂದರಲ್ಲಿ ಪ್ರೊಫೆಸರರು ತೀರಿಕೊಂಡರು. ಈಸ್ಟರ್ ಕಳೆದ ವಾರ ಅವರ ಸೋದರ ಸೊಸೆ ಒಂದು ಪೆಟ್ಟಿಗೆ ಕಳಿಸಿದಳು. ಇದು ಎರ್ಸಿಲಿಯಾಗೆ ಹೋಗಬೇಕೆಂದು ಉಯಿಲಿನಲ್ಲಿ ಬರೆದಿತ್ತಂತೆ. ಎರ್ಸಿಲಿಯಾ ಅಡುಗೆಮನೆ ಮೇಜಿನ ಮೇಲಿದ್ದ ಬೇಳೆಯ ಪಾತ್ರೆ ಸರಿಸಿ ಹಗ್ಗ ಕತ್ತರಿಸಿದಳು. ಒಳಗೆ ಖಾಲಿ ಕಾಗದವಿರುತ್ತದೆ, ಹೆಚ್ಚೆಂದರೆ ನಾಲ್ಕು ಚೀಟಿ ಎಂದುಕೊಂಡಿದ್ದಳು.

ಇಡೀ ಗ್ರಂಥ ಟೈಪಾಗಿ ಕೂತಿತ್ತು. ಮೊದಲ ಪುಟದ ತಾರೀಖು ಸಾವಿರದ ಒಂಬೈನೂರ ಎಪ್ಪತ್ತೆಂಟರದು. ಅವಳು ಯೌವನದಲ್ಲಿ ಓದಲಾಗದೆ ಬಿಟ್ಟ ಸಾಲುಗಳನ್ನೂ ಅವರು ಬಿಡಿಸಿ ಓದಿದ್ದರು. ಅರವತ್ತಮೂರನೆಯ ಹಾಳೆಯ ನಂತರ ನಾಲ್ಕು ಬಿಳಿ ಪುಟ, ಅಂಕಿ ಹಾಕಿ ಕಾದಿರಿಸಿದ್ದವು. ಕೊನೆಯಲ್ಲಿ ಅವರದೇ ಕೈಬರಹದ ಒಂದು ಪಟ್ಟಿ: ಆ ಹಾಳೆಗಳನ್ನು ಹುಡುಕಿಕೊಂಡು ಹೋದ ಊರುಗಳು. ಕೆಲವು ಊರುಗಳಿಗೆ ಮೂರು ಮೂರು ಸಲ ಹೋಗಿದ್ದರು, ಎಂಬತ್ತು ದಾಟಿದ ಮೇಲೂ ಹೋಗಿದ್ದರು. ರೊಕ್ಕಸ್ಪೀನಾದ ಎದುರು ಒಂದೇ ತಾರೀಖು. ಪಕ್ಕದಲ್ಲಿ ಬರೆದಿದ್ದರು: "ಇಲ್ಲ. ಎರ್ಸಿಲಿಯಾ ತಾನೇ ಹುಡುಕಿದ್ದಾಳೆ. ಅವಳ ಮಾತು ಸಾಕು, ಮತ್ತೆ ಹೋಗಬೇಕಿಲ್ಲ."

ಬೇಳೆ ಒಲೆಯ ಮೇಲಿಡಲು ಬಂದ ಲೆಯಾರ್ಕೊ ಅಕ್ಕನ ಮುಖ ನೋಡಿ ನಿಂತ. ಮುದುಕ ಕೊನೆಗೂ ಬರೆದನೋ ಇಲ್ಲವೋ ಎಂದು ಕೇಳಿದ.

"ಎಂದೋ ಮುಗಿಸಿದ್ರು ಕಣೋ," ಎಂದಳು ಎರ್ಸಿಲಿಯಾ. "ಹಿಡ್ಕೊಂಡು ಕೂತಿದ್ದವಳು ನಾನು."